ಪಕ್ಕದ ಮನೆಯ ಸಪ್ಪೆ ಸಾರು

ಪಕ್ಕದ ಮನೆಯವರು ಹೇಗಿದ್ದಾರೆಂದು ತಿಳಿಯಲು ನಾನು ಅವರ ಮುಖ ನೋಡುವುದಿಲ್ಲ, ಒಗ್ಗರಣೆ ಕೇಳುತ್ತೇನೆ. ಕೆಟ್ಟ ಚಾಳಿ ಎನ್ನುತ್ತೀರೇನೋ. ಆದರೆ ಹಿರಿಯೂರಿನ ನಮ್ಮ ಬೀದಿಯಲ್ಲಿ ಎರಡು ಮನೆಗೆ ಒಂದೇ ಗೋಡೆ, ಆ ಗೋಡೆಯೂ ಸೂರಿನ ತನಕ ಮುಟ್ಟುವುದಿಲ್ಲ. ಅತ್ತ ಮೆಣಸಿನಕಾಯಿ ಹುರಿದರೆ ಇತ್ತ ನಾವು ಸೀನುತ್ತೇವೆ. ಸಾಸಿವೆ ಸಾವಕಾಶ ಸಿಡಿದರೆ ಆ ಮನೆಯಲ್ಲಿ ಎಲ್ಲವೂ ಸರಿಯಾಗಿದೆ. ಬಾಂಡ್ಲಿ ಧಡಾರೆಂದರೆ ಗಂಡ ಹೆಂಡಿರಿಗೆ ಮಾತಿಗೆ ಮಾತು ಬೆಳೆದಿದೆ. ಏನೂ ಕೇಳಿಸದಿದ್ದರೆ ಅವರು ಊರಿನಲ್ಲಿಲ್ಲ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಆದರೂ ಈ ಒಂದು ವಿದ್ಯೆಯಲ್ಲಿ ನನಗೆ ಸರಿಸಾಟಿಯಿಲ್ಲ ಎಂದು ನಂಬಿಕೊಂಡಿದ್ದೆ.

ಗೋಡೆಯ ಆಚೆ ಇದ್ದವನು ಜೋಸೆಫಣ್ಣ. ರಸ್ತೆ ಕೆಲಸದ ರೋಡ್ ರೋಲರ್ ಓಡಿಸುತ್ತಿದ್ದ. ಇಡೀ ತಾಲ್ಲೂಕಿನಲ್ಲಿ ಯಾರನ್ನೂ ಹಿಂದಿಕ್ಕದೆ ಬದುಕುತ್ತಿದ್ದ ಮನುಷ್ಯ ಅವನೊಬ್ಬನೇ ಇರಬೇಕು. ಹೆಂಡತಿ ಎಸ್ತರಮ್ಮನ ಗಂಟಲು ಮಾತ್ರ ಆ ರೋಲರಿಗಿಂತ ದೊಡ್ಡದು. ಸಂಜೆಯಾದರೆ ಬೀದಿಯ ಹೆಂಗಸರೆಲ್ಲ ಆಕೆಯ ಜಗಲಿಯ ಮೇಲೆ. ಕ್ರಿಸ್‌ಮಸ್ ಹತ್ತಿರ ಬಂದಾಗ ಆಕೆ ಎಣ್ಣೆ ಇಡುತ್ತಿದ್ದಳು. ಕರ್ಜಿಕಾಯಿ, ಚಕ್ಕುಲಿ, ಅಚ್ಚು ಅದ್ದಿ ಬಿಡುವ ಹೂವಿನಂಥ ತಿಂಡಿ, ಎಲ್ಲ ಒಂದು ತಟ್ಟೆಯಲ್ಲಿ ನಮ್ಮ ಮನೆಗೆ ಬರುತ್ತಿದ್ದವು. ಆ ತಟ್ಟೆಗೆ ನಾನು ಅದಕ್ಕಿಂತ ತೂಕದ್ದನ್ನೇ ತುಂಬಿ ಕಳಿಸುತ್ತಿದ್ದೆ. ನನ್ನದು ಹಿಟ್ಟಿನ ಗಿರಣಿ. ಮೈ ಬಗ್ಗಿಸಿ ದುಡಿದು ನಿಲ್ಲಿಸಿದ್ದು. ಯಾರ ಹಂಗೂ ನನಗೆ ಬೇಡ.

ಆ ವರ್ಷ ಕ್ರಿಸ್‌ಮಸ್ಸಿಗೆ ಇನ್ನೂ ದಿನಗಳಿರುವಾಗ ನನ್ನ ಮಗಳು ಕಮಲಿಗೆ ಜ್ವರ ಬಂತು, ಮೈಮೇಲೆ ಗುಳ್ಳೆ ಎದ್ದವು. ಆಗಿನ್ನೂ ಸಿಡುಬು ಅಂದರೆ ಎದೆ ನಡುಗುವ ಕಾಲ. ದವಾಖಾನೆಯಿಂದ ಬಂದ ಡಾಕ್ಟರು ನೋಡಿ, "ದೊಡ್ಡದಲ್ಲ, ಸೀತಾಳೆ ಸಿಡುಬು. ಹುಷಾರಾಗಿ ನೋಡಿಕೊಳ್ಳಿ" ಎಂದರು. ನಮ್ಮವ್ವನಿಗೆ ದೊಡ್ಡದೂ ಸಣ್ಣದೂ ಒಂದೇ, ಬಂದಿರುವುದು ಅಮ್ಮ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದಳು. ಯಾರೂ ಒಳಗೆ ಬರುವಂತಿಲ್ಲ, ನಾವು ಯಾರ ಮನೆಗೂ ಹೋಗುವಂತಿಲ್ಲ. ಒಗ್ಗರಣೆ ಇಲ್ಲ, ಎಣ್ಣೆ ಕಾಯಿಸುವಂತಿಲ್ಲ, ಖಾರ ಇಲ್ಲ. ಎಣ್ಣೆ ಚುರ್ ಎಂದರೆ ಅಮ್ಮ ಮುನಿಯುತ್ತಾಳೆ.

ಇದನ್ನು ಕೇಳಿ ಓದಿದವರು ನಗುತ್ತಾರೆ. ನಾನು ನಗುವುದಿಲ್ಲ. ಗಿರಣಿಯ ಕಲ್ಲು ಕಾವೇರಿದರೆ ಹಿಟ್ಟು ಸೀದು ಹೋಗುತ್ತದೆ. ಆಗ ಕಲ್ಲಿಗೆ ಬುದ್ಧಿ ಹೇಳಿ ಪ್ರಯೋಜನವಿಲ್ಲ, ಅದನ್ನು ತಿರುಗಿಸುವ ಪಟ್ಟಾ ಕಳಚಿ ಆರಲು ಬಿಡಬೇಕು. ಕಾವೇರಿದ ಮೈಯೂ ಹಾಗೇ ಇರಬೇಕೆಂದು ನನ್ನ ಅಂದಾಜು. ಹೇಗೂ ಬೇವಿನ ಸೊಪ್ಪು ಕಂಡ ಮೇಲೆ ನಮ್ಮ ಗಿರಣಿಗೆ ಯಾರೂ ರಾಗಿ ತರಲಿಲ್ಲ. ಪಟ್ಟಾ ಕಳಚಿಟ್ಟು ಕೂತೆ. ಸುಮ್ಮನೆ ಕೂರುವುದು ನಾನು ಕಲಿಯದ ಕಸುಬು.

ಜ್ವರ ಇಳಿಯಿತು. ಆದರೆ ಹುಡುಗಿ ಉಣ್ಣಲೊಲ್ಲಳು. ಸಪ್ಪೆ ಗಂಜಿ ಕಂಡರೆ ತುಟಿ ಬಿಗಿಯುವಳು. ನನ್ನ ಹೆಂಡತಿ ರಮಿಸಿದಳು, ನಾನು ಗದರಿದೆ, ಅವ್ವ ಹರಕೆ ಹೊತ್ತಳು. "ಹೊಟ್ಟೆಗೆ ಹೋಗದಿದ್ದರೆ ನನ್ನ ಕೈಲೇನೂ ಇಲ್ಲ" ಎಂದು ಡಾಕ್ಟರು ಹೇಳಿಯಾಗಿತ್ತು. ಎತ್ತಿಕೊಂಡರೆ ಮಗು ಖಾಲಿ ಚೀಲದಷ್ಟು ಹಗುರ. ರಾಗಿ ಮೂಟೆಯನ್ನು ಲೀಲಾಜಾಲವಾಗಿ ಎತ್ತುವ ನನಗೆ ಆ ಹಗುರವನ್ನು ಹೊರಲಾಗಲಿಲ್ಲ.

ಇಷ್ಟರಲ್ಲಿ ಗೋಡೆಯ ಆಚೆ ಸದ್ದೇ ನಿಂತಿತ್ತು. ಸಾಸಿವೆ ಸಿಡಿಯುತ್ತಿಲ್ಲ, ಜಗಲಿಯ ಮೇಲೆ ಹೆಂಗಸರಿಲ್ಲ, ಮುಂಬಾಗಿಲು ಹಾಕಿದೆ. ನನ್ನ ವಿದ್ಯೆ ತಕ್ಷಣ ತೀರ್ಪು ಕೊಟ್ಟಿತು.

ಹಬ್ಬದ ಹಿಂದಿನ ಭಾನುವಾರ ಅವ್ವ ಹೇಳಿದಳು: "ಲೇ ಈರಣ್ಣ, ಅವ್ರ ಹಬ್ಬ ಬಂತು. ಎಣ್ಣೆ ಇಟ್ರೆ ವಾಸನೆ ಇತ್ಲಾಗೇ ಬರ್ತೈತೆ. ಹೋಗಿ ಒಂದ್ಮಾತು ಹೇಳಪ್ಪ."

"ಯಾರಿಗೆ ಹೇಳ್ಲವ್ವ, ಗೋಡೆಗಾ? ಅವ್ರು ಹೆದರ್ಕಂಡು ಆಗ್ಲೇ ಚಿತ್ರದುರ್ಗಕ್ಕೆ, ಆಯಮ್ಮನ ಅಣ್ಣನ ಮನೆಗೆ ಹೋಗವ್ರೆ. ಬೇವಿನ ಸೊಪ್ಪು ಕಂಡ ಮ್ಯಾಲೆ ಯಾರು ನಿಲ್ತಾರೆ?"

ನಿಜ ಹೇಳಬೇಕೆಂದರೆ, ಹೋಗಿ ಕೇಳುವುದು ತಪ್ಪಿತಲ್ಲ ಎಂದು ನನಗೆ ಒಳಗೊಳಗೇ ಸಮಾಧಾನ.

ಅವತ್ತೇ ಮಧ್ಯಾಹ್ನ ಗೋಡೆಯ ಮೇಲಿನಿಂದ ಜೋಸೆಫಣ್ಣನ ದನಿ ತೇಲಿ ಬಂತು.

"ಇದೇನೇ, ಇವತ್ತೂ ಸಪ್ಪೆ ಸಾರಾ? ನಾನೇನು ಬಾಣಂತಿನಾ?"

"ಮೆಲ್ಲುಕೆ ಮಾತಾಡ್ರಿ. ಮಗು ಅತ್ಲಾಗೆ ಮಲಗೈತೆ." ಎಸ್ತರಮ್ಮ ಪಿಸುಗುಡುತ್ತಿದ್ದಳು. ಆದರೆ ಆ ಗಂಟಲಿನ ಪಿಸುಮಾತೂ ನಮಗೆ ಚೆನ್ನಾಗಿಯೇ ಕೇಳಿಸಿತು. "ಕಮಲಿ ಏಳೋ ತನಕ ಈ ಮನೇಲಿ ಒಗ್ಗರಣೆ ಇಲ್ಲ."

"ಹಬ್ಬಕ್ಕೆ?"

"ಹಬ್ಬಕ್ಕೂ ಇಲ್ಲ. ಯೇಸಪ್ಪ ಏನು ಚಕ್ಲಿ ಕೊಡ್ರಿ ಅಂತ ಬರ್ತಾನಾ?"

"ಅವ್ನು ಬರಲ್ಲ. ನಿಮ್ಮಣ್ಣ ಬರ್ತಾನಲ್ಲ, ಅವ್ನು ಕೇಳ್ತಾನೆ."

ನಾನೂ ಅವ್ವನೂ ಮುಖ ಮುಖ ನೋಡಿಕೊಂಡೆವು. ಚಾಪೆಯ ಮೇಲಿದ್ದ ಕಮಲಿ ಕಣ್ಣು ಬಿಟ್ಟು ಗೋಡೆಯ ಕಡೆ ಹೊರಳಿದಳು. "ಮಾಮ, ನಿಂಗೂ ಸಪ್ಪೇನಾ?"

ಈಗ ಜೋಸೆಫಣ್ಣನ ದನಿಯೇ ಬೇರೆಯಾಗಿತ್ತು. "ಹೂನಮ್ಮ, ನಂಗೂ ಸಪ್ಪೇನೇ. ನೀನೊಂದು ತುತ್ತು ಉಣ್ಣು, ನಾನೊಂದು ತುತ್ತು ಉಣ್ತೀನಿ. ಯಾರು ಮೊದ್ಲು ಮುಗಿಸ್ತಾರೋ ನೋಡಾಣ."

ಹುಡುಗಿ ಬಟ್ಟಲಿಗೆ ಕೈ ಚಾಚಿದಳು. ಗೋಡೆಯ ಆಚೆಯಿಂದ "ಅಯ್ಯೋ, ಇನ್ನೂ ಅರ್ಧ ಐತೆ ನಂದು!" ಎಂಬ ಗೋಳು. ಕಮಲಿ ಗೆದ್ದಳು. ರೋಲರ್ ಓಡಿಸುವವನಿಗೆ ಹಿಂದೆ ಬೀಳುವುದನ್ನು ಯಾರಾದರೂ ಕಲಿಸಬೇಕೇ? ಅಂದಿನಿಂದ ಎರಡು ಹೊತ್ತೂ ಪಂದ್ಯ ನಡೆಯಿತು, ಎರಡು ಹೊತ್ತೂ ಅವನು ಸೋತ.

ಕ್ರಿಸ್‌ಮಸ್ ದಿನ ಅವರ ಮನೆಯಲ್ಲಿ ಹಬೆಯಲ್ಲಿ ಬೇಯಿಸಿದ ಕಡುಬು. ಚಿತ್ರದುರ್ಗದ ಅಣ್ಣ ಬಂದು ಕೂತವನು, "ಏನವ್ವ ಎಸ್ತರು, ಹಬ್ಬಕ್ಕೆ ಕರೆದ್ಯೋ, ಪಥ್ಯಕ್ಕೆ ಕರೆದ್ಯೋ?" ಎಂದದ್ದು ನಮಗೆಲ್ಲ ಕೇಳಿಸಿತು. ಅವತ್ತು ಹಿತ್ತಲ ಬೇಲಿಯಾಚೆ ಆಕೆ ಬಟ್ಟೆ ಒಣಹಾಕುತ್ತಿದ್ದಾಗ ನಾನು ದೂರದಲ್ಲೇ ನಿಂತು ಕೇಳಿದೆ: "ನೀವು ಅಮ್ಮನ್ನ ನಂಬಲ್ವಲ್ಲ, ಮತ್ಯಾಕವ್ವ ಇದೆಲ್ಲ?"

"ನಂಬಲ್ಲ ಈರಣ್ಣ. ನಿಮ್ಮವ್ವ ನಂಬ್ತಾರಲ್ಲ. ಎಣ್ಣೆ ವಾಸನೆ ಬಂದ್ರೆ ಆ ಜೀವ ಹೆದರ್ಕಂತೈತೆ. ಮಗೂನ ನೋಡ್ಕಳೋರೇ ಹೆದ್ರಿ ಕುಂತ್ರೆ ಹೆಂಗೆ? ಜಗಲಿ ಮ್ಯಾಲೆ ಗದ್ದಲ ಆದ್ರೆ ನಿದ್ದೆ ಕೆಡ್ತೈತೆ ಅಂತ ಬಾಗಿಲೂ ಹಾಕ್ದೆ."

ನೆರೆಯವರನ್ನು ಪ್ರೀತಿಸಬೇಕೆಂದು ಅವರ ಚರ್ಚಿನಲ್ಲಿ ಹೇಳುತ್ತಾರಂತೆ. ನಮ್ಮ ಮಠದಲ್ಲೂ ಹೇಳುತ್ತಾರೆ. ಕೇಳಿ ತಲೆದೂಗಿ ಮನೆಗೆ ಬರುತ್ತೇವೆ. ಪ್ರೀತಿ ಎಂದರೆ ಏನಾದರೂ ತಂದು ಕೊಡುವುದು ಎಂದೇ ನನ್ನ ಲೆಕ್ಕವಾಗಿತ್ತು. ತಟ್ಟೆಯಲ್ಲಿ ಬಂದ ಪ್ರೀತಿಯನ್ನು ನಾನು ತೂಗಿ ತೀರಿಸಬಲ್ಲೆ. ಆದರೆ ಹಾಕದೆ ಬಿಟ್ಟ ಒಗ್ಗರಣೆಯನ್ನು ಯಾವ ತಕ್ಕಡಿಯಲ್ಲಿ ತೂಗಲಿ?

ಸಂಕ್ರಾಂತಿಯ ಹೊತ್ತಿಗೆ ಕಮಲಿಗೆ ಬೇವಿನ ನೀರಿನ ಕೊನೆಯ ಸ್ನಾನವಾಯಿತು. ಅವ್ವ ನೆಟ್ಟಗೆ ಹೋಗಿ ಪಕ್ಕದ ಮನೆಯ ಹೊಸ್ತಿಲ ಮುಂದೆ ನಿಂತಳು. "ಎಸ್ತರವ್ವ, ನಮ್ಮನೇಲಿ ಎಣ್ಣೆ ಇಡೋಕೆ ಮುಂಚೆ ನೀನಿಡವ್ವ. ನಿಮ್ಮ ಹಬ್ಬ ಬಾಕಿ ಐತೆ."

ಗಿರಣಿಗೆ ಮತ್ತೆ ಪಟ್ಟಾ ಏರಿಸಿದೆ. ಮೊದಲು ಬೀಸಿದ್ದು ಆಕೆಯ ಚಕ್ಕುಲಿಯ ಅಕ್ಕಿಯನ್ನೇ. ಬಾಂಡ್ಲಿ ಚುರ್ ಎಂದ ಕೂಡಲೇ ಬೀದಿಯ ಹೆಂಗಸರೆಲ್ಲ ಜಗಲಿಗೆ ಬಂದರು. "ಇದ್ಯಾವ ಹಬ್ಬ ಜೋಸೆಫಣ್ಣ?" ಎಂದು ಯಾರೋ ಕೇಳಿದರು. "ಸಪ್ಪೆ ಸಾರಿನ ಸೆರೆಯಿಂದ ನನ್ನ ಬಿಟ್ಟ ಹಬ್ಬ" ಎಂದ ಅವನು.

ಅಷ್ಟು ದಿನ ಸಪ್ಪೆ ಮಾಡಿ ಎಸ್ತರಮ್ಮನ ಕೈಗೆ ಅಳತೆ ತಪ್ಪಿತ್ತು. ಚಕ್ಕುಲಿಯಲ್ಲಿ ಖಾರ ನೆತ್ತಿಗೇರುವಷ್ಟು. ನಾವೆಲ್ಲ ಕಣ್ಣೀರು ಸುರಿಸುತ್ತ ತಿಂದೆವು, ಕಣ್ಣೀರು ಖಾರದ್ದೇ ಎಂದು ಯಾರೂ ಆಣೆ ಇಡಲಿಲ್ಲ. ಕಮಲಿ ಮಾತ್ರ ಕಟಕಟ ಕಡಿಯುತ್ತ ಕೂತಿದ್ದಳು. ನನ್ನ ಕೈ ಖಾಲಿಯಾಯಿತು. "ಇನ್ನೆರಡು ಕೊಡವ್ವ" ಎಂದು ಕೈ ಚಾಚಿಯೇ ಬಿಟ್ಟೆ.

ಯಾರ ಮುಂದೆಯೂ ಕೈ ಚಾಚಿದವನಲ್ಲ ಎಂದು ಹೇಳಿಕೊಳ್ಳುವುದು ನನಗೆ ಬಹಳ ಇಷ್ಟ. ಈಗಲೂ ಹೇಳಿಕೊಳ್ಳುತ್ತೇನೆ, ಎಸ್ತರಮ್ಮ ಹತ್ತಿರದಲ್ಲಿ ಇಲ್ಲದಾಗ.