ಮ್ಯೂಸಿಯಮ್ಮಿನ ಗೋಡೆಯಲ್ಲಿ ನಮ್ಮವ್ವ

ಎಪ್ಪತ್ತರ ದಶಕದ ಕೊನೆ. ನನಗಾಗ ಹತ್ತು ವರ್ಷ. ದಿಂಬಂ ಘಾಟಿ ಹತ್ತಿ ಬಂದ ಮದ್ರಾಸಿನ ವ್ಯಾನೊಂದು ಗಡಿಯೂರು ತಿಗನಾರೆಯ ನಮ್ಮ ರಾಗಿ ಹೊಲದ ಪಕ್ಕ ನಿಂತಿತು. ರೇಷ್ಮೆ ಸೀರೆಯ ಫೋಟೋ ತೆಗೆಯುವವರು. ಸೀರೆ ಉಡಲು ಎತ್ತರದ ಚೆಲುವೆಯೊಬ್ಬಳನ್ನೂ ಕರೆತಂದಿದ್ದರು. ಅವಳ ಪಕ್ಕ ನಿಲ್ಲಲು ಊರಿನ ಹೆಂಗಸು ಬೇಕೆಂದಾಗ ಅವ್ವ ಒಪ್ಪಿದಳು. ಮನೆಗೆ ಹೋಗಿ ಮುಖ ತೊಳೆದು, ಹಣೆ ತುಂಬ ವಿಭೂತಿ ಎಳೆದು, ಧಾರೆ ಸೀರೆ ಉಟ್ಟು ಬಂದಳು.

ಫೋಟೋದವನು ನಕ್ಕುಬಿಟ್ಟ. "ಇದು ಬೇಡಮ್ಮ, ಹರಿದದ್ದು ಉಟ್ಟುಕೊಂಡು ಬಾ," ಎಂದು ತಮಿಳಿನಲ್ಲಿ ಹೇಳಿದ.

"ಅರ್ದಿರೋ ಸೀರೆ ನನ್ ತಾವು ಇಲ್ಲ."

ಅವರೇ ವ್ಯಾನಿನಿಂದ ಗೋಣಿಯಂಥದೊಂದನ್ನು ತೆಗೆದು ಉಡಿಸಿದರು. ಅವರ ಜೊತೆ ಬಂದಿದ್ದ ಇನ್ನೊಬ್ಬಳು ಒದ್ದೆ ಬಟ್ಟೆಯಲ್ಲಿ ಅವ್ವನ ಹಣೆ ಉಜ್ಜಿದಳು. "ಈಬತ್ತಿ ಯಾಕವ್ವ ಒರ್ಸೀಯೆ?" ಎಂದು ಅವ್ವ ಕೈ ಅಡ್ಡ ಹಿಡಿಯುವಷ್ಟರಲ್ಲಿ ಅವಳ ಕೆಲಸ ಮುಗಿದಿತ್ತು. ಒಪ್ಪಿಕೊಂಡಾಗಿತ್ತಲ್ಲ, ಅವ್ವ ತಲೆಯ ಮೇಲೆ ಸಗಣಿ ಪುಟ್ಟಿ ಹೊತ್ತು ನಿಂತಳು. ಒಂದು ಪ್ರತಿ ಕಳಿಸುತ್ತೇವೆಂದು ಹೇಳಿ ಹೋದರು. ಕಳಿಸಲಿಲ್ಲ.

ಎಂಟು ವರ್ಷದ ಮೇಲೆ ಮೈಸೂರಿನಲ್ಲಿ ಟೀಚರ್ ಟ್ರೈನಿಂಗ್ ಓದುವಾಗ ನಮ್ಮನ್ನು ಮದ್ರಾಸಿಗೆ ಟೂರು ಕರೆದೊಯ್ದರು. ಅಲ್ಲೊಂದು ಫೋಟೋ ಮ್ಯೂಸಿಯಂ. ಕೆಳಗೆ ಹಳೆಯ ಪೆಟ್ಟಿಗೆ ಕ್ಯಾಮೆರಾಗಳು, ಮಹಡಿಯಲ್ಲಿ ಫ್ಯಾಷನ್ ಫೋಟೋಗಳ ಪ್ರದರ್ಶನ. ಮೆಟ್ಟಿಲು ಹತ್ತಿದೊಡನೆ ಎದುರಿನ ಗೋಡೆಯಲ್ಲಿ ಆಳೆತ್ತರದ ಅವ್ವ!

"ಆ ರೇಷ್ಮೆ ನೋಡೇ!" ಎಂದಳು ಗೆಳತಿ.

"ಪಕ್ಕದಲ್ಲಿರೋದು ನಮ್ಮವ್ವ."

"ಹೋಗೇ, ಭಿಕ್ಷುಕಿ ಥರ ಇದ್ದಾಳೆ."

ಎಲ್ಲರೂ ನಕ್ಕರು. ಕೆಳಗಿನ ಚೀಟಿ ಓದಿದೆ. ಸೀರೆ ನೇಯಿಸಿದವರು, ಒಡವೆ ಕೊಟ್ಟವರು, ಉಟ್ಟವಳು, ಫೋಟೋ ತೆಗೆದವನು, ಎಲ್ಲರ ಹೆಸರೂ ಇತ್ತು. ಕೊನೆಗೆ 'ಕಾಡು ಹೆಂಗಸು' ಎಂದಿತ್ತು. ನಮ್ಮೂರ ಪಕ್ಕದ ತಾಳಮಲೆಯ ಕಾಡಿನಲ್ಲಿ ನಿಜವಾಗಿಯೂ ಹುಟ್ಟಿ ಬೆಳೆದವರು ನಮ್ಮ ಹೊಲಕ್ಕೆ ಕೂಲಿಗೆ ಬರುತ್ತಿದ್ದರು. ಅವರಲ್ಲೂ ಹೆಸರಿಲ್ಲದವರನ್ನು ನಾನು ಕಂಡಿಲ್ಲ. ಮೈಯೆಲ್ಲ ಉರಿಯಿತು.

ಮೇಜಿನ ಹಿಂದೆ ಕೂತಿದ್ದ ಮ್ಯಾನೇಜರನ ಬಳಿ ಹೋಗಿ, "ಅವಳು ನನ್ನ ತಾಯಿ. ಆ ಚೀಟಿ ತೆಗೀರಿ," ಎಂದೆ.

"ಅದು ಕಲೆ ಕಣಮ್ಮ. ನೀನು ಹೆಮ್ಮೆಪಡಬೇಕು."

ವಾಪಸು ಹೋಗಿ ಚೀಟಿ ಕಿತ್ತು ಹರಿದು ಹಾಕಿದೆ. ವಾಚ್‌ಮನ್ ಓಡಿ ಬಂದು ಮುಂಗೈ ಹಿಡಿದ. ನಮ್ಮ ಟೀಚರು ಕೈಮುಗಿದು ಕ್ಷಮೆ ಕೇಳಿದರು. ನೀನೂ ಕೇಳು ಎಂದರು. ಕೇಳಲಿಲ್ಲ. ಉಳಿದ ದಿನವೆಲ್ಲ ಬಸ್ಸಿನಲ್ಲಿ ನನ್ನೊಬ್ಬಳನ್ನೇ ಕೂರಿಸಿದರು.

ರಜೆಗೆ ಊರಿಗೆ ಹೋದಾಗ ಅವ್ವ ಅವರೆಕಾಯಿ ಸುಲಿಯುತ್ತಿದ್ದಳು. ಎಲ್ಲ ಹೇಳಿದೆ.

"ಬರೀ ಚೀಟಿ ಕಿತ್ತಾ? ಪಟನ ಯಾಕಮ್ಮಿ ಬುಟ್ಟು ಬಂದೆ?"

ಅಷ್ಟು ವರ್ಷ ಆ ಬಗ್ಗೆ ಒಂದು ಮಾತೂ ಆಡದವಳು ಅವತ್ತು ಅವರನ್ನು ಬಾಯಿಗೆ ಬಂದಂತೆ ಬೈದಳು. ಆಮೇಲೆ ನನ್ನ ಕೈಲಿ ಮ್ಯೂಸಿಯಮ್ಮಿಗೆ ಕಾಗದ ಬರೆಸಿದಳು: 'ನನ್ನ ಪಟ ಇಳಿಸಿ.' ಉತ್ತರ ಬರಲಿಲ್ಲ. ಇನ್ನೆರಡು ಸಲ ಬರೆದೆವು. ಆ ಪ್ರದರ್ಶನ ಎಂದೋ ಮುಗಿದಿರುತ್ತದೆ. ಆ ಪಟ ಈಗ ಯಾರ ಮನೆಯ ಗೋಡೆಯಲ್ಲಿದೆಯೋ, ನೆನೆದರೆ ಇವತ್ತಿಗೂ ಹಲ್ಲು ಕಡಿಯುತ್ತೇನೆ.