ಸೋಫಾ ಒಣಗುವ ತನಕ

ಕೊರಿಯಾದ ಗುನ್ಸಾನ್ ಊರಿನಲ್ಲಿ ಮನೆಮನೆಗೆ ಹೋಗಿ ಸೋಫಾ ತೊಳೆಯುವ ಪ್ಯೊ ಸುನ್-ಇಮ್ ಕೆಲಸ ಮುಗಿದರೂ ಗಿರಾಕಿಯ ಮನೆ ಬಿಟ್ಟು ಏಳುವ ಹೆಂಗಸಲ್ಲ. ಫ್ಯಾನು ಹಚ್ಚಿ, ಜ್ವರ ಬಂದ ಮಗುವಿನ ಪಕ್ಕ ಕೂತಂತೆ ಕೂತು, ಗಳಿಗೆಗೊಮ್ಮೆ ಮುಂಗೈಯಿಂದ ಬಟ್ಟೆ ಮುಟ್ಟಿ ನೋಡುತ್ತಾಳೆ. "ಊಟಕ್ಕೂ ಇಲ್ಲೇ ಠಿಕಾಣಿನಾ?" ಎಂದು ಮನೆಯವರು ಕಿಚಾಯಿಸಿದರೆ, "ಕಿಮ್ಚಿ ಚೆನ್ನಾಗಿದ್ರೆ ಇರ್ತೀನಿ. ಈ ಹತ್ತಿ ಬಟ್ಟೆ ಒದ್ದೆ ಇರೋವಾಗ ಭಾರಿ ಸಾಧು, ಒಣಗೋವಾಗ್ಲೇ ಅದರ ಬಣ್ಣ ಬಯಲಾಗೋದು," ಎನ್ನುತ್ತಾಳೆ. ನೀರು ತುಸು ಹೆಚ್ಚಾದರೂ ನೂಲಿನೊಳಗಿನ ಕಂದು ಬಣ್ಣ ಮೇಲೆದ್ದು, ಏನೋ ಚೆಲ್ಲಿದ ಹಾಗೆ ಕಾಣುತ್ತದೆ. ಆಗ ವಿನಿಗರ್ ಬೆರೆಸಿದ ನೀರು ಚಿಮುಕಿಸಿ, "ಹೆದರ್ಬೇಡ ಚಿನ್ನ," ಎಂದು ಸೋಫಾಕ್ಕೇ ಹೇಳುತ್ತಾ ಬಿಳಿ ಟವೆಲಿನಿಂದ ಒತ್ತಿ ಒತ್ತಿ ತೆಗೆಯುತ್ತಾಳೆ. ಒಮ್ಮೆ ಮಾತ್ರ, ತಂಗಿಯ ಹೆರಿಗೆಯೆಂದು, ಒಂದು ಮನೆಯ ಸೋಫಾ ಇನ್ನೂ ಹಸಿಯಿರುವಾಗಲೇ ಓಡಿದ್ದಳು. ಮರುದಿನ ಆ ಮನೆಯ ಮುದುಕಿಯ ಫೋನು: "ನಮ್ಮ ಸೊಸೆ ಕಾಫಿ ಚೆಲ್ಲಿ, ಇಲ್ಲ ಅಂತ ಸಾಧಿಸ್ತಾಳೆ. ಬಂದು ಕಲೆ ತೆಗಿಯಮ್ಮ." ಸುನ್-ಇಮ್ ಹೋದಾಗ ಸೊಸೆಯ ಕಣ್ಣುಗಳು ಅತ್ತು ಊದಿದ್ದವು. ಯಾರೂ ಕೇಳದಿದ್ದರೂ, "ಇದು ಕಾಫಿ ಅಲ್ಲ ಅಜ್ಜಿ, ನಾನೇ ನೀರು ಜಾಸ್ತಿ ಹಾಕ್ದೆ. ತಪ್ಪು ನಂದು," ಎಂದು ಸೊಂಟ ಬಗ್ಗಿಸಿ ನಿಂತಳು. ಸಂಜೆಯ ಹೊತ್ತಿಗೆ ಬಟ್ಟೆ ಬಿಳುಪಾಯಿತು. ಮುದುಕಿ ಬಾರ್ಲಿ ಚಹಾ ತಂದು, ಮೊದಲ ಲೋಟವನ್ನು ಸೊಸೆಯ ಕೈಗಿಟ್ಟು, "ಬಿಸಿ ಇದೆ ಮಗಳೇ, ಮೆಲ್ಲಗೆ ಕುಡಿ," ಎಂದಳು.