ಪಥ್ಯಕ್ಕೆ ಸಪೂರವಾದವರು

ಫಳ್ನೀರಿನ ಈ ಸ್ಕ್ಯಾನಿಂಗ್ ಸೆಂಟರಿನಲ್ಲಿ ಖಾಲಿ ಹೊಟ್ಟೆಯಲ್ಲಿ ಕುಳಿತವರ ಮೂಗಿಗೆ ಕೆಳಗಿನ ಹೋಟೆಲಿನಿಂದ ಎಣ್ಣೆಯಲ್ಲಿ ಬಂಗುಡೆ ಮೀನು ಕಾಯಿಸುವ ಪರಿಮಳ ಬರುತ್ತದೆ. ಕಟ್ಟಡ ಕಟ್ಟಿದ ಪುಣ್ಯಾತ್ಮನಿಗೆ ಅಷ್ಟೂ ಹೊಳೆಯಲಿಲ್ಲವಲ್ಲ! ವರ್ಷಕ್ಕೊಮ್ಮೆ ನಾನಿಲ್ಲಿಗೆ ಬರುತ್ತೇನೆ, ಪ್ರತಿಸಲ ಆ ಪರಿಮಳಕ್ಕೆ ಕುದ್ರೋಳಿಯ ಮಾವ ನೆನಪಾಗುತ್ತಾರೆ.

ಮಾವ ಎಂದರೆ ಅಮ್ಮನ ತಮ್ಮ. ಮೀನಿಲ್ಲದ ಊಟವನ್ನು ಊಟವೆಂದೇ ಒಪ್ಪದ ಮನುಷ್ಯ. ಒಮ್ಮೆ ಅವರ ಕಣ್ಣು ಹಳದಿಯಾಯಿತು. ಕಣ್ಣು ಹಳದಿಯಾದರೆ ನಮ್ಮ ಕಡೆ ಡಾಕ್ಟರಲ್ಲಿಗೆ ಯಾರು ಓಡುತ್ತಾರೆ ಹೇಳಿ? ಕಾಮಾಲೆಗೆ ಬೆಳಿಗ್ಗೆ ಸೊಪ್ಪಿನ ರಸ, ಆಮೇಲೆ ಉಪ್ಪು, ಎಣ್ಣೆ, ಮೀನು ಯಾವುದೂ ಇಲ್ಲದ ಗಂಜಿ. ಮಾವ ಹಟ ಹಿಡಿದು ಪಥ್ಯ ಮಾಡಿದರು. ಸಪೂರವಾದರು. ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಹೊಡೆದು, ಬಂದವರಿಗೆಲ್ಲ ತೋರಿಸಿದರು.

"ನೋವಿಲ್ಲ, ಜ್ವರ ಇಲ್ಲ, ಎಂತದ್ದೂ ಇಲ್ಲ ಮಾರಾಯ್ರೆ. ಪಥ್ಯ ಮೈಗೆ ಹಿಡಿದದ್ದು!"

ನಾವೂ ಹೊಗಳಿದೆವು. ಮೀನು ಬಿಟ್ಟವರು ಸಪೂರವಾಗದೆ ಇನ್ನೇನಾಗುತ್ತಾರೆ? ಅದು ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಎಂದು ಗೊತ್ತಾಗುವಾಗ ಆಪರೇಷನ್ನಿನ ಹೊತ್ತು ಮೀರಿತ್ತು. ಕೆಲವು ವರ್ಷಗಳ ನಂತರ ಅಮ್ಮನೂ ಅದರಲ್ಲೇ ಹೋದರು.

"ಈ ಸ್ಕ್ಯಾನ್ ಎಲ್ಲರಿಗೂ ಬೇಕಂತ ಇಲ್ಲ," ಎಂದಿದ್ದರು ಆಗ ಅಮ್ಮನನ್ನು ನೋಡಿದ ಡಾಕ್ಟರು. "ನಿಮ್ಮ ಮನೆಯಲ್ಲಿ ಇಬ್ಬರಿಗೆ ಬಂದದ್ದಲ್ವಾ, ನೀವು ಅಕ್ಕ ತಂಗಿ ವರ್ಷಕ್ಕೊಮ್ಮೆ ಮಾಡಿಸಿ. ಸಣ್ಣದಿರುವಾಗ ಸಿಕ್ಕಿದರೆ ತೆಗೆಯಬಹುದು."

ನಾನು ಹೆದರುಪುಕ್ಕಲಿ, ಒಪ್ಪಿದೆ. ಕಾವೂರಿನ ತಂಗಿ ಧೈರ್ಯವಂತೆ, ಒಪ್ಪಲಿಲ್ಲ. "ಇಲ್ಲದ್ದನ್ನು ಎಂತಕ್ಕೆ ಹುಡುಕುವುದು ಅಕ್ಕ?" ಎಂದಳು.

ಈ ಸಲ ನನ್ನ ಜೊತೆಗೆಂದು ಬಂದಿದ್ದಾಳೆ. ಅವಳೂ ಏನೂ ತಿಂದಿಲ್ಲ. "ನೀನು ಹಸಿದು ಕೂತಿರುವಾಗ ನಾನು ತಿಂದು ಬರುವುದಾ?"

"ಸಪೂರ ಆಗಿದ್ದಿ," ಎಂದೆ.

"ಮೊನ್ನೆ ಶುಗರ್ ಶುರುವಾಯ್ತಲ್ಲ, ಪಥ್ಯ ಮಾಡ್ತಾ ಇದ್ದೇನೆ. ಚೆಂದ ಕಾಣ್ತೇನಲ್ಲ?"

ಬೆಲ್ಟು ತೋರಿಸುವಾಗ ಮಾವನದ್ದೂ ಇದೇ ಮುಖ. ನನಗೆ ಹೆದರಿಕೆಯಾಯಿತು. ಎದ್ದು ಕೌಂಟರಿಗೆ ಹೋಗಿ, ಡಾಕ್ಟರಿಗೆ ಫೋನ್ ಮಾಡಿಸಿ, ನನ್ನ ಸರದಿಯನ್ನು ಅವಳ ಹೆಸರಿಗೆ ಮಾಡಿಸಿದೆ.

"ನಿನಗೆ ಮರ್ಲು ಅಕ್ಕ!" ಎಂದು ಬೈದಳು. ಬೈಯುತ್ತಲೇ ಎದ್ದಳು.

ಮೈಮೇಲೆ ಲೋಹದ್ದು ಏನೂ ಇರಬಾರದು ಎಂದಳು ನರ್ಸ್. ತಂಗಿ ಬಳೆ, ಕರಿಮಣಿ ಕಳಚಿ ನನ್ನ ಅಂಗೈಗೆ ಹಾಕಿದಳು. ಆಮೇಲೆ ಸೆರಗಿನೊಳಗೆ ಕೈಹಾಕಿ, ದೊಗಳೆಯಾದ ರವಿಕೆಯನ್ನು ಹಿಡಿದು ನಿಲ್ಲಿಸಿದ್ದ ಪಿನ್ನುಗಳನ್ನು ಒಂದೊಂದೇ ತೆಗೆಯತೊಡಗಿದಳು. ಮುಗಿಯುವಷ್ಟರಲ್ಲಿ ಅವಳ ನಗು ನಿಂತಿತ್ತು.

"ಇಷ್ಟು ಸಡಿಲ ಆಗಿದೆ ಅಂತ ನನಗೇ ಗೊತ್ತಿರಲಿಲ್ಲ ಅಕ್ಕ."

"ಹೋಗು, ನಾನು ಇಲ್ಲೇ ಇರ್ತೇನೆ," ಎಂದೆ.

ಬಾಗಿಲು ಮುಚ್ಚಿತು. ಕೆಳಗೆ ಬಂಗುಡೆ ಕಾಯುತ್ತಲೇ ಇತ್ತು. ನನ್ನ ಹಸಿವು ಹೋಗಿತ್ತು. ಪಿನ್ನುಗಳನ್ನು ಮುಷ್ಟಿಯಲ್ಲಿ ಹಿಡಿದು ಕುಳಿತೆ.